ಲಗ್ನದ ಗಾಡಿಗೆ ರಿವರ್ಸ್ ಗೇರ್ ಇಲ್ಲ

ಸಿಂಗಾರಗೊಂಡ ಮದುಮಗಳನ್ನು ಗಾಡಿಯಲ್ಲಿ ಕೂರಿಸಿ, ನಡುದಾರಿಯಲ್ಲಿ ಬಾನೆಟ್ ಎತ್ತಿ ನಿಂತಿದ್ದೀರಾ? ನಾನು ನಿಂತಿದ್ದೇನೆ. ಕಳೆದ ವಾರ, ಅಕ್ಕಲಕೋಟ ದಾಟಿ, ಸೊಲ್ಲಾಪುರದ ರಸ್ತೆಯಲ್ಲಿ. (ಬಾನೆಟ್ ಎತ್ತಿದರೂ ನನಗೇನೂ ತಿಳಿಯುವುದಿಲ್ಲ. ಆದರೆ ಗಾಡಿ ಕೈಕೊಟ್ಟಾಗ ಗಂಡಸಾದವನು ಅದನ್ನು ಎತ್ತಲೇಬೇಕಲ್ಲ!)

ನಾನು ಫೋರ್ ವೀಲ್ ಡ್ರೈವ್ ಪಿಕಪ್ ಕೊಂಡಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: ಸೊಲ್ಲಾಪುರದಲ್ಲಿ ಯಾವ ಗುಡ್ಡ ಹತ್ತುವುದಿದೆ? ಉತ್ತರ ಸಿಕ್ಕಿದ್ದು ತಂಗಿಯ ಮಗಳು ಸವಿತಾಳ ಮದುವೆಯ ದಿನ. ಅಕ್ಕಲಕೋಟದಾಚೆಯ ನಾಗಣಸೂರಿನ ಅವರ ಹೊಲದ ಮನೆಯ ಸುತ್ತ ಹಿಂದಿನ ದಿನ ಭರ್ಜರಿ ಮಳೆ. ಎರೆಮಣ್ಣು ಗೊತ್ತಲ್ಲ, ಚಪ್ಪಲಿ ಹಾಕಿಕೊಂಡು ಹೋದವನು ಬರಿಗಾಲಲ್ಲಿ ಬರುತ್ತಾನೆ. ಹೂವು ಕಟ್ಟಿದ ಕಾರು ಅಂಗಳದಲ್ಲೇ ಹೂತು ಕೂತಿತು. ತಂಗಿ, ಭಾವ, ಬಳಗವೆಲ್ಲ ಬಸ್ಸಿನಲ್ಲಿ ಸೊಲ್ಲಾಪುರದ ಕಲ್ಯಾಣ ಮಂಟಪಕ್ಕೆ ಮುಂದೆ ಹೋಗಿಯಾಗಿತ್ತು. ಉಳಿದದ್ದು ಸವಿತಾ, ಅವಳ ಜೊತೆಗೆಂದು ನನ್ನ ಸೋದರತ್ತೆ, ಮತ್ತು ನನ್ನ ಪಿಕಪ್.

ಗೇರಿನ ಪಕ್ಕದ, ಫೋರ್ ವೀಲ್ ಹಾಕುವ ಸಣ್ಣ ಲಿವರ್ ಎಳೆದೆ. ನಾಲ್ಕೂ ಗಾಲಿ ಕಚ್ಚಿ ಹಿಡಿದವು, ಗಾಡಿ ಕೆಸರಿನಿಂದ ಎದ್ದು ಬಂತು. ಮೀಸೆ ಇಲ್ಲದಿದ್ದರೂ ತಿರುವಿದೆ.

ಡಾಂಬರು ಸಿಕ್ಕ ಮೇಲೆ ಲಿವರ್ ಹಿಂದಿನ ಜಾಗಕ್ಕೆ ಬರಬೇಕು. ಬರಲಿಲ್ಲ. ಮುಂದೆ ತಾನೇ ಬರುತ್ತದೆ ಎಂದು ಓಡಿಸಿದೆ. ಅಕ್ಕಲಕೋಟದ ತಿರುವುಗಳಲ್ಲಿ ಗಾಡಿ ಕುಪ್ಪಳಿಸಿತು, ಟೈರುಗಳು ಕಿರುಚಿದವು, ಸುಟ್ಟ ವಾಸನೆ ಬೇರೆ. ಪಕ್ಕಕ್ಕೆ ನಿಲ್ಲಿಸಿ ಕ್ಲಚ್, ನ್ಯೂಟ್ರಲ್, ಬೈಗುಳ ಎಲ್ಲವನ್ನೂ ಪ್ರಯೋಗಿಸಿದೆ. ಲಿವರ್ ಅಲುಗಾಡಲಿಲ್ಲ.

ಸೊಲ್ಲಾಪುರದ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. "ಒಣಾ ರೋಡಿನ್ಯಾಗ ನಾಕೂ ಗಾಲಿ ಒಂದಕ್ಕೊಂದು ಜಗ್ಗ್ಯಾಡಿ ಬಿಗದಾವ್ರಿ. ನೆಟ್ಟಗ ರಿವರ್ಸ್ ತಗೋರಿ, ಬಿಗಿ ಬಿಡ್ತದ. ಹಂಗ ಓಡಿಸಿದ್ರ ಒಳಗಿಂದು ಮುರೀತದ," ಎಂದ.

ಇಷ್ಟೇನಾ? ರಿವರ್ಸ್ ಹಾಕಿದೆ. ಹಿಂದಿನ ಸೀಟಿನಿಂದ ಅತ್ತೆ ನನ್ನ ಭುಜ ಹಿಡಿದಳು.

"ಮದಮಗಳು ಕುಂತ ಗಾಡಿ ಹಿಂದಕ್ಕ ಹೋಗಬಾರದೋ ತಮ್ಮಾ. ಬಾಳೂ ಹಿಂದಕ್ಕ ಹೋಗ್ತದ."

ನಾನು ವಿಜ್ಞಾನ ಹೇಳಿದೆ. ಅತ್ತೆ ಪುರಾವೆ ಕೊಟ್ಟಳು. ಹೋಟಗಿಯ ನೆಂಟರ ಹುಡುಗಿಯ ಲಗ್ನದ ಗಾಡಿ ಹಿಂದಕ್ಕೆ ಹೋಯಿತಂತೆ, ವರ್ಷದೊಳಗೆ ಗಂಡನಿಗೆ ಪುಣೆಗೆ ವರ್ಗವಾಯಿತಂತೆ. (ಆ ಹುಡುಗಿ ಅದೇ ಖುಷಿಗೆ ಪೇಡೆ ಹಂಚಿದ್ದು ನನಗೆ ಚೆನ್ನಾಗಿ ನೆನಪಿದೆ.)

ಅಷ್ಟರಲ್ಲಿ ಭಾವನ ಫೋನು. ಅಕ್ಕಿಕಾಳು ಹಾಕುವ ಮುಹೂರ್ತ ಹತ್ತಿರ ಬಂತು, ಗಂಡಿನ ಕಡೆಯವರು ಮುಖ ಸಿಂಡರಿಸುತ್ತಿದ್ದಾರೆ, ಎಲ್ಲಿದ್ದೀರಿ? ಬಂದೇ ಬಿಟ್ಟೆವು ಎಂದೆ. ನಿಂತಲ್ಲೇ ನಿಂತು ಹೇಳಿದ ಸುಳ್ಳು! ಸವಿತಾಳ ಮುಖ ಬಾಡಿತು.

ಒಂದು ಉಪಾಯ ಹೊಳೆಯಿತು. ಗಾಡಿಯನ್ನು ಅಕ್ಕಲಕೋಟದ ಕಡೆ ಮುಖಮಾಡಿ ತಿರುಗಿಸಿದರೆ? ಆಗ ರಿವರ್ಸ್ ಹೋದರೂ ಸೊಲ್ಲಾಪುರದ ಕಡೆಗೇ ಹೋದಂತಲ್ಲವೇ? ಅತ್ತೆ ಬಹಳ ಯೋಚಿಸಿ ಒಪ್ಪಿದಳು. ಗಾಡಿ ಒಪ್ಪಲಿಲ್ಲ. ತಿರುಗಿಸಿದರೆ ಮುರಿಯುತ್ತೇನೆ ಎಂಬಂತೆ ಕಿರುಗುಟ್ಟಿತು.

ಕೊನೆಗೆ ಸವಿತಾಳೇ ಬಾಗಿಲು ತೆಗೆದಳು.

"ಮಾಮಾ, ನಾ ಇಳದು ಮುಂದಕ್ಕ ನಡೀತೀನಿ. ನೀವು ಗಾಡಿ ಹಿಂದಕ್ಕ ತಗೋರಿ. ಮದಮಗಳು ಮುಂದಕ್ಕ ಹೋದಂಗ ಆತಿಲ್ಲೋ?"

ಹುಡುಗಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಸೊಲ್ಲಾಪುರದ ಕಡೆ ನಡೆದೇಬಿಟ್ಟಳು. ಎದುರಿನಿಂದ ಬಂದ ಎಸ್‌ಟಿ ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು.

ಅತ್ತೆಗೂ ಇಳಿಯಲು ಹೇಳಿದೆ. ಮೊಣಕಾಲು ನೋವಿನ ಆಕೆಯನ್ನು ಬೆಳಿಗ್ಗೆ ಆ ಎತ್ತರಕ್ಕೆ ಹತ್ತಿಸುವುದೇ ಒಂದು ಸಾಹಸವಾಗಿತ್ತು. ಈಗ ಇಳಿಸಿ ಹತ್ತಿಸುವಷ್ಟು ಹೊತ್ತೆಲ್ಲಿ? ಗಾಜಿನಾಚೆ ಒಬ್ಬಳೇ ಹೊರಟಿದ್ದ ಮೊಮ್ಮಗಳನ್ನು ಆಕೆ ನೋಡುತ್ತಲೇ ಇದ್ದಳು.

"ನಾ ಹಿಂದಕ್ಕ ಹೋದ್ರ ಏನಾಗ್ತದ? ತಗೋ ನೀ," ಎಂದಳು ಸಣ್ಣ ದನಿಯಲ್ಲಿ.

ಹಿಡಿಕೆ ಭದ್ರವಾಗಿ ಹಿಡಿದು ಕಣ್ಣು ಮುಚ್ಚಿದಳು. ಗಾಡಿ ಹಿಂದೆ ಸರಿಯಿತು. ಸವಿತಾ ಮುಂದೆ ಮುಂದೆ ಹೋದಳು. ಕಟಕ್ ಎಂದು ಲಿವರ್ ಸಡಿಲಾಗಿ ಹಿಂದಿನ ಜಾಗಕ್ಕೆ ಬಂತು. ಹುಡುಗಿಯನ್ನು ಹತ್ತಿಸಿಕೊಂಡು ಹೋದೆವು. ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು.

ಮಕ್ಕಳು ಮುಂದೆ ಹೋಗಲೆಂದು ಹಿರಿಯರು ನಾಲ್ಕು ಮಾರು ಹಿಂದೆ ಸರಿದರೆ, ಅದು ಯಾವ ಪಂಚಾಂಗದಲ್ಲಿ ಅಪಶಕುನ, ಹೇಳಿ?