ಏರಿಯ ಬುಡದಲ್ಲಿ ಒರತೆ

ತೆರಕಣಾಂಬಿ ಕಡೆಯ ನಮ್ಮೂರಿನ ಚರಂಡಿ ನೀರೆಲ್ಲ ಮೊದಲು ನೇರವಾಗಿ ಕೆರೆಗೆ ಹೋಗುತ್ತಿತ್ತು. ಅದನ್ನು ತಡೆಯಲು ಪಂಚಾಯಿತಿಯವರು ಕೆರೆಗಿಂತ ಮೇಲೆ, ಹಳ್ಳಕ್ಕೆ ಅಡ್ಡಲಾಗಿ ಸಣ್ಣದೊಂದು ಮಣ್ಣಿನ ಏರಿ ಹಾಕಿಸಿ, ಅದರ ಹಿಂದೆ ಹೊಂಡ ಮಾಡಿಸಿದರು. ಹೊಂಡದ ನಡುವೆ ತೇಲುವ ಯಂತ್ರ. ಸ್ವಿಚ್ ಹಾಕಿದರೆ ನೀರನ್ನು ಮೇಲಕ್ಕೆ ಚಿಮ್ಮಿಸಿ ಗಾಳಿ ಬೆರೆಸುತ್ತಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತು.

ಕೊಳೆ ತಿನ್ನುವುದು ಯಂತ್ರವಲ್ಲ, ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು, ಅವಕ್ಕೆ ಉಸಿರಾಡಲು ಗಾಳಿ ಬೇಕು ಎಂದು ಹೊಂಡದ ಕೆಲಸ ಮಾಡಿಸಿದ ಇಂಜಿನಿಯರ್ ಹೇಳಿಕೊಟ್ಟಿದ್ದರು. ನಾನು ನಂಬಿರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡೇ ಕೆಲಸ ಮಾಡುತ್ತಿದ್ದೆ. ಒಂದು ದಿನ ಊಟದ ಡಬ್ಬಿ ತೆಗೆದಾಗ, ಬೆಳಗಿನಿಂದ ಸೆರಗು ಕಟ್ಟಿಯೇ ಇಲ್ಲವೆಂಬುದು ಅರಿವಿಗೆ ಬಂತು. ವಾಸನೆ ಹೋಗಿತ್ತು. ಹೊಂಡದ ಮುಂದೆ ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೂತುಬಿಟ್ಟೆ.

ಆ ವರ್ಷ ಮಳೆ ಮೂರು ದಿನ ಬಿಡದೆ ಹುಯ್ಯಿತು. ನಾಲ್ಕನೆಯ ಬೆಳಿಗ್ಗೆ ಹೋದರೆ ಏರಿಯ ಹೊರಬದಿಯ ಬುಡದಲ್ಲಿ ನೀರು ಬುಳುಬುಳು ಎಂದು ಒಸರುತ್ತಿದೆ. ಏರಿ ಒಡೆದರೆ ಹೊಂಡದ ಕೊಳೆಯೆಲ್ಲ ಕೆರೆ ಸೇರುತ್ತದೆ. ಇಂಜಿನಿಯರಿಗೆ ಫೋನ್ ಮಾಡಿ, ಜೇಡಿಮಣ್ಣು ತಂದು ತೂತಿಗೆ ಮೆತ್ತಲು ಹೊರಟೆ.

"ಮುಚ್ಬ್ಯಾಡ ಕಣಮ್ಮಿ!"

ಆಡು ಮೇಯಿಸುತ್ತಿದ್ದ ಅಜ್ಜಿ. ಅವಳ ಅಪ್ಪ ನಮ್ಮ ಕೆರೆಯ ನೀರುಗಂಟಿ, ಅಂದರೆ ಏರಿ ತೂಬು ಕಾಯುತ್ತಿದ್ದವನು. ಅಜ್ಜಿ ಬಗ್ಗಿ ಬೊಗಸೆಯಲ್ಲಿ ನೀರು ಹಿಡಿದು ನನಗೆ ತೋರಿಸಿದಳು. ಕೆಂಪಗೆ ರಾಡಿಯಾಗಿತ್ತು.

"ನೋಡು, ಏರಿ ಮಣ್ಣ ಕಿತ್ಕಂಡು ಬತ್ತಾ ಅದ. ಇಲ್ಲಿ ಮುಚ್ಬುಟ್ರೆ ಇನ್ನೊಂದ್ಕಡೆ ದಾರಿ ಮಾಡ್ಕತದ. ನೀರು ಓಗ್ಲಿ. ಮಣ್ಣು ಓಗ್ಬಾರ್ದು."

"ಅದೆಂಗಜ್ಜಿ?"

"ಮರಳು ತತ್ತಾ. ಜಲ್ಲಿ ತತ್ತಾ. ಬೇಗ!"

ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದವರನ್ನು ಕೂಗಿದೆ. ಗಾರೆ ಕೆಲಸದವರು ಕೇಳುತ್ತಾ ನಿಲ್ಲದೆ ಮಂಕರಿಗಳಲ್ಲಿ ಹೊತ್ತು ತಂದರು. ಒಸರಿನ ಮೇಲೆ ಅಜ್ಜಿ ಮೊದಲು ಮರಳು ಸುರಿಸಿದಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ಗುಪ್ಪೆ ಮೊಣಕಾಲೆತ್ತರವಾಯಿತು. ನೀರು ನಿಲ್ಲಲಿಲ್ಲ. ಕಲ್ಲುಗಳ ಸಂದಿಯಿಂದ ಕೆಂಪಾಗಿಯೇ ಹರಿಯಿತು. ನಾನು ಮತ್ತೆ ಜೇಡಿಮಣ್ಣಿಗೆ ಕೈ ಹಾಕಿದೆ.

"ತಡಿ," ಎಂದಳು ಅಜ್ಜಿ.

ಕೆಂಪು ನಿಧಾನವಾಗಿ ತೆಳ್ಳಗಾಯಿತು, ಆಮೇಲೆ ಬರೀ ಮಬ್ಬು. ಈ ಸಲ ನಾನೇ ಬೊಗಸೆ ಒಡ್ಡಿದಾಗ ನನ್ನ ಅಂಗೈಯ ಗೆರೆಗಳು ನೀರಿನ ಕೆಳಗೆ ಕಂಡವು. ಅಷ್ಟು ದೊಡ್ಡ ಹೊಂಡದ ಭಾರವೆಲ್ಲ ಆ ಏರಿಯನ್ನು ಒತ್ತುತ್ತಿತ್ತು. ಅದನ್ನು ಕಾದದ್ದು ಬೆರಳ ಸಂದಿಯಲ್ಲಿ ಜಾರಿಹೋಗುವ ಮರಳು.

ಗುಂಡ್ಲುಪೇಟೆಯಿಂದ ಇಂಜಿನಿಯರ್ ಬೈಕಿನಲ್ಲಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಕಲ್ಲಿನ ಗುಪ್ಪೆಯ ಮುಂದೆ ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತರು. "ಇದನ್ನ ಯಾರು ಹೇಳಿದ್ದು? ನಾವು ಕಾಲೇಜಲ್ಲಿ ಓದಿದ್ದೂ ಇದೇ," ಎಂದರು. ಮುಂದಿನ ಬೇಸಿಗೆಯಲ್ಲಿ ಏರಿಯ ಬುಡದುದ್ದಕ್ಕೂ ಅದೇ ಕ್ರಮದಲ್ಲಿ ಮರಳು, ಜಲ್ಲಿ, ಕಲ್ಲು ಹಾಕಿಸಿದರು.

ಅವತ್ತು ಇಂಜಿನಿಯರ್ ಹಾಗೆ ಕೇಳಿದಾಗ, ಅಜ್ಜಿಯನ್ನು ಪರಿಚಯಿಸೋಣವೆಂದು ತಿರುಗಿ ನೋಡಿದ್ದೆ. ಅವಳ ಆಡುಗಳು ಯಾರದೋ ಅರಿಸಿನದ ಹೊಲಕ್ಕೆ ನುಗ್ಗಿದ್ದವು. ಅಜ್ಜಿ ಬೈಯುತ್ತಾ ಅವುಗಳ ಹಿಂದೆ ಓಡುತ್ತಿದ್ದಳು.