ಒಂದು ಗಂಟೆಯ ಸೈರನ್

ಒಂದು ತಿಂಗಳ ಇತಿಹಾಸ ವಿಚಾರ ಸಂಕಿರಣಕ್ಕೆಂದು ಶಿವಮೊಗ್ಗದಲ್ಲಿ ಬಂದಿಳಿದವನು, ಸವಳಂಗ ರಸ್ತೆಯ ರೂಮಿನಲ್ಲಿ ಬ್ಯಾಗ್ ಇಡುವಷ್ಟರಲ್ಲೇ ಆಟೋದವನ ದನಿಯನ್ನು ಅನುಕರಿಸಲು ಕಲಿತಿದ್ದೆ. ಮೂರನೇ ದಿನಕ್ಕೆ ಸಂಕಿರಣದ ನಿರ್ದೇಶಕರ ಕೆಮ್ಮೂ ಕೈವಶವಾಯಿತು. ನನ್ನ ಸ್ವಂತ ದನಿಯನ್ನು ಯಾರೂ ಕೇಳುವುದಿಲ್ಲ. ಅದು ಅಷ್ಟೇನೂ ಚೆನ್ನಾಗಿಲ್ಲ.

ನಿವೃತ್ತ ಕಾರ್ಮಿಕರ ನೆನಪುಗಳನ್ನು ರೆಕಾರ್ಡ್ ಮಾಡಿಕೊಂಡು ಬಾ ಎಂದು ನನ್ನನ್ನು ಭದ್ರಾವತಿಗೆ ಅಟ್ಟಿದರು. ಓಲ್ಡ್ ಟೌನ್‌ನ ಒಂದು ಮನೆಯಲ್ಲಿ ತಾತ ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದರು. ಅನ್ನ ಆರಿತ್ತು.

“ಒಂದು ಗಂಟೆ ಸೈರನ್ ಆಗ್ದೆ ಊಟ ಮುಟ್ಟಲ್ಲ,” ಎಂದರು ಸೊಸೆ. “ಕಾರ್ಖಾನೆ ಸೈರನ್ ನಿಂತು ಎಷ್ಟೋ ವರ್ಷ ಆಯ್ತು. ಮಾವನಿಗೆ ಈಗೀಗ ಮರೆವು. ಸಂಜೆವರೆಗೂ ಹಿಂಗೇ ಕೂರ್ತಾರೆ. ಅರ್ಧ ಆಗಿಹೋಗಿದಾರೆ ನೋಡು.”

“ಹೆಂಗಿತ್ತಕ್ಕ ಸೈರನ್ನು?”

“ನಾಯಿ ಅಳೋ ಥರ ಶುರುವಾಗಿ, ಆಮೇಲೆ ಊರಿಗೂರೇ ಕಿವಿ ಮುಚ್ಕೋಬೇಕು.”

ಹಿತ್ತಲಿನ ಖಾಲಿ ಡ್ರಮ್ಮಿನೊಳಗೆ ತಲೆ ತೂರಿಸಿ ಕೂಗಿದೆ.

“ಯಾರ್ದೋ ಎಮ್ಮೆ ಬಿಚ್ಕೊಂಡಿದೆ ನೋಡ್ರೋ,” ಎಂದರು ತಾತ ಒಳಗಿನಿಂದ.

ಎರಡನೇ ಸಲ ನಾಯಿಯ ಅಳುವಿನಿಂದ ಶುರುಮಾಡಿ ಕೂಗಿದೆ. ಒಳಗೆ ಬಂದರೆ ತಾತ ಅನ್ನ ಕಲಸುತ್ತಿದ್ದರು. “ಯಾವ ಶಿಫ್ಟು ಮಾರಾಯ ನಿಂದು? ಕೂತ್ಕೋ, ಉಣ್ಣು.”

ತಿಂಗಳಿಡೀ ದಿನವೂ ಒಂದು ಗಂಟೆಯ ಕೂಗಿಗೆಂದು ಭದ್ರಾವತಿಯ ಬಸ್ಸು ಹತ್ತಿದೆ. ಕ್ಷೇತ್ರಕಾರ್ಯದಲ್ಲಿ ಎಂಥ ಶ್ರದ್ಧೆ ಎಂದು ನಿರ್ದೇಶಕರು ಕೆಮ್ಮಿ ಹೊಗಳಿದರು. ಹೊರಡುವ ದಿನ ಸೊಸೆಯ ಫೋನಿನಲ್ಲಿ ನನ್ನ ಕೂಗನ್ನು ರೆಕಾರ್ಡ್ ಮಾಡಿಕೊಟ್ಟೆ. ತಾತ ಎರಡು ದಿನ ಉಂಡರಂತೆ. ಮೂರನೇ ದಿನ, “ಇದು ನಿನ್ನೆ ಕೂಗಿದ್ದೇ,” ಎಂದು ತಟ್ಟೆ ಸರಿಸಿದರಂತೆ.

ಅಲ್ಲಿಂದಾಚೆಗೆ ದಿನವೂ ಒಂದು ಗಂಟೆಗೆ ನನಗೆ ಸೊಸೆಯ ಫೋನು. ಸ್ಪೀಕರ್ ಹಾಕಿ ಡ್ರಮ್ಮಿನೊಳಗೆ ಇಳಿಬಿಡುತ್ತಿದ್ದರು. ನಾನು ಎಲ್ಲಿದ್ದರೆ ಅಲ್ಲೇ ಕೂಗುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ, ಲೈಬ್ರರಿ ಮೆಟ್ಟಿಲ ಮೇಲೆ, ಒಮ್ಮೆ ಮದುವೆಯೂಟದ ಪಂಕ್ತಿಯಲ್ಲಿ. ಪಾಯಸ ಬಡಿಸುತ್ತಿದ್ದವರು ನನ್ನನ್ನು ಬಿಟ್ಟು ಮುಂದಿನ ಎಲೆಗೆ ಹೋದರು.

ಹೋದ ಮಂಗಳವಾರ ಫೋನು ಬರಲಿಲ್ಲ. ಒಂದೂವರೆಗೆ ನಾನೇ ಮಾಡಿದೆ.

“ಬೆಳಿಗ್ಗೆ ಹೋದ್ರು ಕಣಪ್ಪ,” ಎಂದರು ಸೊಸೆ. “ನಿದ್ದೇಲೇ.”

ಮಾರನೆಯ ದಿನ ಮನೆಯಲ್ಲಿ ಅಮ್ಮ ಬಡಿಸಿದರು. ಗಂಟೆ ಒಂದಾಯಿತು, ಒಂದೂ ಹತ್ತಾಯಿತು. ಕೈ ತಟ್ಟೆಗೆ ಹೋಗಲಿಲ್ಲ.

“ಯಾಕೋ, ಏನಾಗ್ಬೇಕು ಈಗ?” ಎಂದರು ಅಮ್ಮ.

ನಾನೇ ಒಂದು ಸಲ ಕೂಗಿಕೊಳ್ಳಬಹುದಿತ್ತು. ಆದರೆ ಅದು ನಕಲಿಯೆಂದು ನನಗೆ ಗೊತ್ತು. ಅನ್ನ ಆರುತ್ತಿತ್ತು.