ದುಡಕಿಯ ಶರ್ಯತ್ತು, ದುಡುಕಿನ ಶರ್ಯತ್ತು

ಕುದುರೆಯ ದುಡಕಿ ಬೇರೆ, ನಾಗಾಲೋಟ ಬೇರೆ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಬತ್ತಿದೆ. ದುಡಕಿಯಲ್ಲಿ ಕುದುರೆ ಒಂದೇ ತಾಳಕ್ಕೆ ಟಪಟಪ ಕಾಲು ಹಾಕುತ್ತದೆ, ಟಾಂಗಾದಲ್ಲಿ ಕೂತವರ ಎಲೆಅಡಿಕೆ ಚೀಲ ಸಹ ಉರುಳುವುದಿಲ್ಲ. ನಮ್ಮ ಕಡೆ ಪಂದ್ಯಕ್ಕೆ ಶರ್ಯತ್ತು ಅನ್ನುತ್ತಾರೆ, ಟಾಂಗಾ ಶರ್ಯತ್ತು ಎಂದರೆ ದುಡಕಿಯದೇ. ಕುದುರೆ ತಾಳ ತಪ್ಪಿ ನೆಗೆದು ಓಡಿತೋ, ಗಾಡಿ ನಿಲ್ಲಿಸಿ, ಅಲ್ಲೇ ಒಂದು ಸುತ್ತು ತಿರುಗಿಸಿ ಮತ್ತೆ ಹೊರಡಬೇಕು. ಓಡಿಸುವುದು ಯಾರಿಗಾದರೂ ಬರುತ್ತದೆ. ಓಡಗೊಡದೆ ಜೋರಾಗಿ ಹೋಗುವುದಕ್ಕೆ ಕೈ ಪಳಗಿರಬೇಕು.

ನಾನು ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವನು. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗದ ಮುಂದೆ ಕೂರಲಾಗದೆ ಟಾಂಗಾ ಹಿಡಿದೆ. ನೂಲಿನ ಗಂಟು, ಸೀರೆಯ ಗಂಟು, ಬಸ್‌ಸ್ಟ್ಯಾಂಡಿನ ಮಂದಿ, ಎಲ್ಲ ಹೊತ್ತೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಆಮೇಲೆ ಆಟೋಗಳು ಬಂದವು. ಬಾಗಲಕೋಟೆಯವರ ಶರ್ಯತ್ತಿನ ಬಯಲು ಹಿನ್ನೀರಿಗೆ ಹೋಯಿತು. ಹುನಗುಂದದ ದಾರಿಯಲ್ಲಿದ್ದ ನಮ್ಮ ಬಯಲಿಗೆ ಪ್ಲಾಟಿನ ಕಲ್ಲು ನೆಟ್ಟರು. ನೀರಾದರೂ ಬೇಸಿಗೆಗೆ ಇಳಿಯುತ್ತದೆ, ಆ ಕಲ್ಲುಗಳು ಇಳಿಯಲಿಲ್ಲ.

ಸ್ಟ್ಯಾಂಡಿನಲ್ಲಿ ನನ್ನದೊಂದೇ ಟಾಂಗಾ ಉಳಿದಾಗ ಹೆಂಡತಿ ಕುದುರೆ ಮಾರಿ ಆಟೋ ತರಲು ಹಟ ಹಿಡಿದಳು. ಅಷ್ಟರಲ್ಲಿ ಓಣಿಯ ಹುಡುಗರ ಸಂಘದವರು ಬಹಳ ವರ್ಷಗಳ ನಂತರ ಶರ್ಯತ್ತು ಇಡುವ ಸುದ್ದಿ ಬಂತು. ಇದರಲ್ಲಿ ಗೆದ್ದರೆ ಕುದುರೆ ಉಳಿಯಬೇಕು, ಸೋತರೆ ನೀ ಹೇಳಿದಂತೆ ಎಂದೆ. ಆಕೆ ಒಪ್ಪಿದಳು.

ಹ್ಯಾಂಡ್‌ಬಿಲ್ಲು ಬಂದಾಗಲೇ ನನಗೆ ತಿಳಿಯಬೇಕಿತ್ತು. ‘ದುಡಕಿ ಶರ್ಯತ್ತು’ ಎಂದು ಬರೆದುಕೊಟ್ಟಿದ್ದರಂತೆ. ಪ್ರೆಸ್ಸಿನವನಿಗೆ ಆ ಶಬ್ದವೇ ಗೊತ್ತಿಲ್ಲ. ತಪ್ಪು ತಿದ್ದುತ್ತೇನೆಂದು ‘ದುಡುಕಿನ ಶರ್ಯತ್ತು’ ಎಂದು ಅಚ್ಚು ಹಾಕಿದ್ದ. ಊರೆಲ್ಲ ಅಂಟಿಸಿದರು, ಒಬ್ಬನೂ ಕೇಳಲಿಲ್ಲ. ಸಂಘದ ಮುಖ್ಯಸ್ಥನ ಬಳಿ ಹೋದೆ. ಚಿಕ್ಕವನಿದ್ದಾಗ ನನ್ನ ಟಾಂಗಾದಲ್ಲೇ ಸಾಲಿಗೆ ಹೋದವನು.

“ಏನ್ ಆಗ್ತೈತಿ ಬಿಡು ಕಾಕಾ, ಒಂದ್ ಕೊಂಬು ಹೆಚ್ಚಾತು,” ಎಂದ.

“ಕೊಂಬು ಹೆಚ್ಚಾಗಿದ್ದು ಹ್ಯಾಂಡ್‌ಬಿಲ್ಲಿಗಲ್ಲ, ನಿಮಗ,” ಎಂದೆ. ಅವನು ನಕ್ಕ. ನಿಯಮ ಹಳೆಯದೇ ತಾನೆ ಎಂದು ಕೇಳಿದ್ದಕ್ಕೆ ಹೂಂ ಹೂಂ ಅಂದ.

ಶರ್ಯತ್ತು ನಡೆದದ್ದು ಡಾಂಬರು ರಸ್ತೆಯ ಮೇಲೆ. ಬಿಟ್ಟ ಕೂಡಲೇ ಬೇರೆ ಊರುಗಳಿಂದ ಬಂದಿದ್ದ ಗಾಡಿಗಳ ಹಿಂದೆ ಮೋಟರ್‌ಸೈಕಲ್ಲುಗಳು ಬಿದ್ದವು. ಹಾರ್ನು, ಶಿಳ್ಳೆ, ಸೈಲೆನ್ಸರ್ ಬಿಚ್ಚಿದ ಸಪ್ಪಳ. ಆ ಕುದುರೆಗಳು ಬೆದರಿ ನೆಗೆದು ಓಡಿದವು. ಒಬ್ಬನೂ ಗಾಡಿ ನಿಲ್ಲಿಸಲಿಲ್ಲ, ಸುತ್ತು ತಿರುಗಿಸಲಿಲ್ಲ. ನನ್ನ ಪಕ್ಕದಲ್ಲೂ ಒಬ್ಬ ಬೈಕಿನವನು ಬಂದು, “ಕಾಕಾ, ಬಿಡು ಅದನ್ನ, ಮದವಿ ಮೆರವಣಿಗಿ ಹೊಂಟೀಯೇನು?” ಎಂದು ಕೂಗಿದ. ನನ್ನ ಕೈ ಒಂದು ಗಳಿಗೆ ಲಗಾಮು ಸಡಿಲಿಸಲು ಹೋಯಿತು. ಸಡಿಲಿಸಿದ್ದರೆ ಕುದುರೆ ಓಡುತ್ತಿತ್ತು, ಬಹುಶಃ ಗೆಲ್ಲುತ್ತಿತ್ತು. ಸಡಿಲಿಸಲಿಲ್ಲ. ಅದು ಕಿವಿ ಸಹ ಅಲ್ಲಾಡಿಸದೆ, ಮೊದಲಿಂದ ಕೊನೆಯವರೆಗೆ ದುಡಕಿಯಲ್ಲೇ ಬಂತು. ಎಲ್ಲರಿಗಿಂತ ಹಿಂದೆ.

ನಿಯಮದ ಪ್ರಕಾರ ಗುರಿ ಮುಟ್ಟಿದ್ದು ನನ್ನ ಗಾಡಿ ಒಂದೇ ಎಂದು ಸಂಘದವರೊಡನೆ ಜಗಳ ತೆಗೆದೆ. ಮಂದಿಗೆ ಓಟ ಬೇಕು ಕಾಕಾ, ದುಡಕಿ ನೋಡಾಕ ಯಾರು ಬರ್ತಾರ ಎಂದರು. ಸಮಾಧಾನಕ್ಕೆ ನನಗೊಂದು ಪ್ಲಾಸ್ಟಿಕ್ ಬಕೆಟ್ಟು ಕೊಡಲು ಬಂದರು. ಮುಟ್ಟಲಿಲ್ಲ.

ಮನೆಯಲ್ಲಿ ಎಲ್ಲ ಹೇಳಿದೆ. ಹೆಂಡತಿ ಪೂರಾ ಕೇಳಿಸಿಕೊಂಡಳು. “ನೀವು ಸೋತಿಲ್ಲ, ಖರೆ. ಆದ್ರ ಗೆದ್ದೀರೇನು?” ಎಂದಳು. ಕುದುರೆ ಮಾರಲು ಒಪ್ಪಿದೆ. ಕೊಟ್ಟ ಮಾತು ನನ್ನದೇ.

ಆಗ ಬಾದಾಮಿಯಲ್ಲಿ ಸ್ಟೇಷನ್ನಿನಿಂದ ಊರಿಗೆ ಇನ್ನೂ ಟಾಂಗಾ ಹೊಡೆಯುತ್ತಿದ್ದರು. ಅಲ್ಲಿಯವನೊಬ್ಬ ಕುದುರೆ ಕೊಳ್ಳಲು ಬಂದ, ನನಗಿಂತ ಸಣ್ಣವನು. ಗಾಡಿ ಹೂಡಿ ನಮ್ಮ ಓಣಿಯಲ್ಲೇ ಒಂದು ಸುತ್ತು ಹೋಗಿ ಬಂದ. ಇಳಿದವನು ಕುದುರೆಯ ಹಲ್ಲು ನೋಡಲಿಲ್ಲ, ಕಾಲು ಎತ್ತಿ ನೋಡಲಿಲ್ಲ.

“ದುಡಕಿ ಯಾರು ಕಲಿಸ್ಯಾರ್ರಿ ಇದಕ್ಕ?” ಎಂದ.

ಆ ಶಬ್ದವನ್ನು ಸರಿಯಾಗಿ ಅಂದವನನ್ನು ಕಂಡು ಎಷ್ಟು ದಿನವಾಗಿತ್ತೋ. ನಾನೇ ಎಂದೆ. ಲಗಾಮು ಅವನ ಕೈಗೆ ಕೊಡುವಾಗ ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಆ ಶಬ್ದ ಮರೆತ ನನ್ನ ಊರಿನ ಮೇಲೆ.